ಮೈಕ್ರೋಅರೇ ಪ್ರಯೋಗ: ಸರಿಯಾದ ಚಿಪ್ ಆರಿಸುವುದು, ನಂಬಬಹುದಾದ ಡೇಟಾ ಪಡೆಯುವುದು

ಮೈಕ್ರೋಅರೇ ಎಂದರೆ ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಅಳೆಯುವ ಗಾಜಿನ ಚಿಪ್. ಅದರ ಡೇಟಾ ಕೈಕೊಟ್ಟಾಗ ಮೊದಲು ದೂರು ಬರುವುದು ಚಿಪ್ ಮೇಲೆ. ಜಾಡು ಹಿಡಿದು ಹೋದರೆ ತಪ್ಪು ಸಾಮಾನ್ಯವಾಗಿ ಬೇರೆ ಕಡೆ ಸಿಗುತ್ತದೆ: ರಕ್ತ ಸಂಗ್ರಹಿಸಿದ ಟ್ಯೂಬಿನಲ್ಲಿ, ಇಲ್ಲವೇ ಯಾವ ಸ್ಯಾಂಪಲ್ ಯಾವ ಸ್ಲೈಡಿಗೆ ಎಂದು ಬರೆದ ಹಾಳೆಯಲ್ಲಿ. ಕಾರ್ಖಾನೆಯಲ್ಲಿ ತಯಾರಾಗುವ ಇಂದಿನ ಚಿಪ್‌ಗಳು ಬಹಳ ಏಕರೂಪವಾಗಿರುತ್ತವೆ. ನಾವು ಅವುಗಳ ಮೇಲೆ ಸುರಿಯುವ ದ್ರವ ಹಾಗಿರುವುದಿಲ್ಲ. ಹಾಗಾಗಿ ಚಿಪ್ ಆಯ್ಕೆಗೆ ಎಷ್ಟು ಸಮಯ ಕೊಡುತ್ತೀರೋ ಅದಕ್ಕಿಂತ ಹೆಚ್ಚು ಸಮಯವನ್ನು ಸ್ಯಾಂಪಲ್‌ಗೆ ಮತ್ತು ಪ್ರಯೋಗದ ವಿನ್ಯಾಸಕ್ಕೆ ಕೊಡಿ ಎಂಬುದೇ ಈ ಮಾರ್ಗದರ್ಶಿಯ ತಿರುಳು.

1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅರಬಿಡೊಪ್ಸಿಸ್ ಗಿಡದ 45 ಜೀನ್‌ಗಳನ್ನು ಗಾಜಿನ ಮೇಲೆ ಚುಕ್ಕೆ ಇಟ್ಟು ಒಟ್ಟಿಗೆ ಅಳೆದರು. ತತ್ವ ಇಂದಿಗೂ ಅದೇ. ಗೊತ್ತಿರುವ ಡಿಎನ್‌ಎ ತುಣುಕುಗಳನ್ನು, ಅಂದರೆ ಪ್ರೋಬ್‌ಗಳನ್ನು, ಗಾಜಿಗೆ ಅಂಟಿಸಿರುತ್ತಾರೆ. ಸ್ಯಾಂಪಲ್‌ನ ಆರ್‌ಎನ್‌ಎ ಅಥವಾ ಡಿಎನ್‌ಎಗೆ ಹೊಳೆಯುವ ಬಣ್ಣ ಹಚ್ಚಿ ಅದರ ಮೇಲೆ ಹರಿಸಿದರೆ ಜೋಡಿಯಾಗಬೇಕಾದದ್ದು ಜೋಡಿಯಾಗುತ್ತದೆ. ಉಳಿದದ್ದನ್ನು ತೊಳೆದು ಸ್ಕ್ಯಾನ್ ಮಾಡುತ್ತೇವೆ. ಚುಕ್ಕೆಯ ಹೊಳಪು ಆ ಜೀನ್ ಎಷ್ಟಿದೆ ಎಂದು ಹೇಳುತ್ತದೆ.

ಮೊದಲ ನಿರ್ಧಾರ: ಮೈಕ್ರೋಅರೇ ಬೇಕೇ?

ಹೊಸ ಟ್ರಾನ್ಸ್‌ಕ್ರಿಪ್ಟ್ (ಜೀನ್‌ನಿಂದ ತಯಾರಾಗುವ ಆರ್‌ಎನ್‌ಎ ಪ್ರತಿ) ಹುಡುಕಬೇಕಿದ್ದರೆ, ಕ್ಯಾನ್ಸರ್‌ನ ಫ್ಯೂಶನ್ ಜೀನ್ (ಎರಡು ಜೀನ್ ಬೆಸೆದು ಆದದ್ದು) ಬೇಕಿದ್ದರೆ, ಜೀನೋಮ್ ಸರಿಯಾಗಿ ಗೊತ್ತಿಲ್ಲದ ಜೀವಿಯನ್ನು ನೋಡುತ್ತಿದ್ದರೆ ಮೈಕ್ರೋಅರೇ ಬೇಡ, ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್‌ಗೆ ಹೋಗಿ. ಪ್ರೋಬ್ ಇಲ್ಲದ ಯಾವುದೂ ಚಿಪ್‌ಗೆ ಕಾಣಿಸುವುದಿಲ್ಲ. ತೀರಾ ಕಡಿಮೆ ಇರುವ ಟ್ರಾನ್ಸ್‌ಕ್ರಿಪ್ಟ್‌ಗಳು ಹಿನ್ನೆಲೆಯ ಬೆಳಕಿನಲ್ಲಿ ಮುಳುಗುತ್ತವೆ, ತುಂಬ ಹೆಚ್ಚಿರುವವು ಸ್ಕ್ಯಾನರ್‌ನ ಮೇಲಿನ ಮಿತಿಗೆ ಬಡಿಯುತ್ತವೆ.

ಗೊತ್ತಿರುವ ಜೀನ್‌ಗಳನ್ನೇ ನೂರಾರು ಸ್ಯಾಂಪಲ್‌ಗಳಲ್ಲಿ ಒಂದೇ ರೀತಿ ಅಳೆಯಬೇಕು, ವಿಶ್ಲೇಷಣೆ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಮುಗಿಯಬೇಕು, ಹಳೆಯ ಸಾರ್ವಜನಿಕ ಡೇಟಾ ಜೊತೆ ಹೋಲಿಸಬೇಕು ಎಂದಾದರೆ ಮೈಕ್ರೋಅರೇ ಇಂದಿಗೂ ಒಳ್ಳೆಯ ಆಯ್ಕೆ. ದೊಡ್ಡ ಪ್ರಮಾಣದ ಜಿನೋಟೈಪಿಂಗ್ (ಗೊತ್ತಿರುವ ಡಿಎನ್‌ಎ ವ್ಯತ್ಯಾಸಗಳನ್ನು ಓದುವುದು), ಮೆಥಿಲೇಶನ್ (ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಅಳೆಯುವುದು), ಕ್ರೋಮೋಸೋಮ್ ಪರೀಕ್ಷೆಗಳಲ್ಲಿ ಅದರ ಸ್ಥಾನ ಇನ್ನೂ ಗಟ್ಟಿ.

ಹಣ ಖರ್ಚು ಮಾಡುವ ಮೊದಲು ಅಮೆರಿಕದ ಎನ್‌ಸಿಬಿಐ ಸಂಸ್ಥೆ ನಡೆಸುವ ಜಿಯೋ (GEO) ಎಂಬ ಸಾರ್ವಜನಿಕ ಡೇಟಾಬೇಸ್‌ನಲ್ಲಿ ನಿಮ್ಮ ರೋಗ, ನಿಮ್ಮ ಅಂಗಾಂಶ ಹುಡುಕಿ. ಅಲ್ಲಿ ಈಗಾಗಲೇ ಉತ್ತರ ಇರಬಹುದು. ಉತ್ತರ ಸಿಗದಿದ್ದರೂ ಅಂಥ ಅಂಗಾಂಶದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಜೀನ್ ಮಟ್ಟ ಎಷ್ಟು ಏರುಪೇರಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ಸ್ಯಾಂಪಲ್ ಸಂಖ್ಯೆಯ ಲೆಕ್ಕಕ್ಕೆ ಅದು ಬೇಕೇ ಬೇಕು.

ಯಾವ ಚಿಪ್?

ಜೀನ್ ಎಕ್ಸ್‌ಪ್ರೆಶನ್, ಅಂದರೆ ಜೀನ್ ಎಷ್ಟು ಆರ್‌ಎನ್‌ಎ ತಯಾರಿಸುತ್ತಿದೆ ಎಂಬುದನ್ನು, ಅಳೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಆಜಿಲೆಂಟ್ ಚಿಪ್‌ಗಳಲ್ಲಿ 60 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ಪ್ರೋಬ್‌ಗಳನ್ನು ಇಂಕ್‌ಜೆಟ್ ವಿಧಾನದಲ್ಲಿ ಗಾಜಿನ ಮೇಲೆಯೇ ಕಟ್ಟುತ್ತಾರೆ. ಒಂದು ಸ್ಲೈಡಿನಲ್ಲಿ 8 ಅರೇ (ಒಂದೊಂದು ಸ್ಯಾಂಪಲ್‌ಗೆ ಒಂದೊಂದು ಚುಕ್ಕೆಗಳ ಅಂಕಣ), ಪ್ರತಿ ಅರೇಯಲ್ಲಿ ಸುಮಾರು 60,000 ಚುಕ್ಕೆ ಇರುವ ವಿನ್ಯಾಸ ಹೆಚ್ಚು ಬಳಕೆಯಲ್ಲಿದೆ. ಬೇಕಾದ ಪ್ರೋಬ್‌ಗಳನ್ನು ನೀವೇ ಆರಿಸಿ ಸ್ವಂತ ವಿನ್ಯಾಸ ಮಾಡಿಸುವುದೂ ಸುಲಭ. ಆಫಿಮೆಟ್ರಿಕ್ಸ್ ಚಿಪ್‌ಗಳಲ್ಲಿ 25 ಬೇಸ್‌ನ ಪ್ರೋಬ್‌ಗಳು, ಒಂದು ಜೀನ್‌ಗೆ ಹಲವು. ಆ ಕಂಪನಿ 2016ರಿಂದ ಥರ್ಮೋ ಫಿಶರ್ ಕೈಯಲ್ಲಿದೆ. ಉದ್ದ ಪ್ರೋಬ್ ಹೆಚ್ಚು ಸೂಕ್ಷ್ಮ, ಒಂದೆರಡು ಬೇಸ್ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಚಿಕ್ಕ ಪ್ರೋಬ್ ಒಂದು ಬೇಸ್ ತಪ್ಪಿದರೂ ಸಡಿಲವಾಗುತ್ತದೆ. ಅದು ನಿಖರತೆಗೆ ಒಳ್ಳೆಯದು, ಆದರೆ ಪ್ರೋಬ್ ಕೂರುವ ಜಾಗದಲ್ಲಿ ನಿಮ್ಮ ಜನಸಮುದಾಯದಲ್ಲಿ ಸಾಮಾನ್ಯವಾದ ಎಸ್‌ಎನ್‌ಪಿ (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಒಂದೇ ಬೇಸ್) ಇದ್ದರೆ ಜೀನ್ ಮಟ್ಟ ಇಳಿದಂತೆ ಸುಳ್ಳು ಚಿತ್ರ ಬರುತ್ತದೆ.

ಇವೆರಡರ ನಡುವೆ ಯಾವುದು ಮೇಲು ಎಂಬ ಚರ್ಚೆಯಲ್ಲಿ ತಿಂಗಳು ಕಳೆಯಬೇಡಿ. 2006ರ ಮ್ಯಾಕ್ (MAQC, ಮೈಕ್ರೋಅರೇ ಗುಣಮಟ್ಟ ಪರಿಶೀಲನೆಯ) ಅಧ್ಯಯನ ಒಂದೇ ಆರ್‌ಎನ್‌ಎಯನ್ನು ಹಲವು ಪ್ಲಾಟ್‌ಫಾರ್ಮ್‌ಗಳಲ್ಲಿ, ಹಲವು ಲ್ಯಾಬ್‌ಗಳಲ್ಲಿ ಓಡಿಸಿತ್ತು. ಕೆಲಸ ಅಚ್ಚುಕಟ್ಟಾಗಿದ್ದರೆ ಹೆಚ್ಚುಕಡಿಮೆಯಾದ ಜೀನ್‌ಗಳ ಪಟ್ಟಿ ಚೆನ್ನಾಗಿಯೇ ತಾಳೆಯಾಗುತ್ತದೆ ಎಂದು ಅದು ತೋರಿಸಿತು. ನಿಜವಾಗಿ ಆಯ್ಕೆ ನಿರ್ಧರಿಸಬೇಕಾದ್ದು ನಿಮ್ಮ ಆರ್‌ಎನ್‌ಎ. ಅದು ಗಟ್ಟಿಯಾಗಿದ್ದು 100 ನ್ಯಾನೋಗ್ರಾಂ ಕೈಯಲ್ಲಿದ್ದರೆ ಯಾವ ದಾರಿಯೂ ಸರಿ. ಫಾರ್ಮಾಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಆಸ್ಪತ್ರೆಯ ಬ್ಲಾಕ್‌ಗಳಾದರೆ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಆಗ ಆರ್‌ಎನ್‌ಎ ತುದಿಯ ಪಾಲಿ-ಎ ಬಾಲ ಹಿಡಿಯುವ ಒಲಿಗೋ-ಡಿಟಿ ಲೇಬಲಿಂಗ್ (ಬಣ್ಣ ಹಚ್ಚುವ ವಿಧಾನ) ಕೆಲಸ ಮಾಡದು. ಜೀನ್ ಉದ್ದಕ್ಕೂ ರ‍್ಯಾಂಡಮ್ ಪ್ರೈಮರ್ ಬಳಸುವ ಕಿಟ್, ಅದಕ್ಕೆ ಹೊಂದುವಂತೆ ಜೀನ್ ಉದ್ದಕ್ಕೂ ಪ್ರೋಬ್ ಹರಡಿರುವ ಚಿಪ್ ಎರಡೂ ಬೇಕು.

ಡಿಎನ್‌ಎ ಮೆಥಿಲೇಶನ್‌ಗೆ ಇಲ್ಯುಮಿನಾದ ಎಪಿಕ್ ಚಿಪ್ ರೂಢಿಯಲ್ಲಿದೆ. ಮೊದಲ ಆವೃತ್ತಿಯಲ್ಲೇ 8,50,000ಕ್ಕಿಂತ ಹೆಚ್ಚು ತಾಣಗಳಿದ್ದವು. ಒಂದು ಚಿಪ್‌ನಲ್ಲಿ 8 ಸ್ಯಾಂಪಲ್. ಸ್ಯಾಂಪಲ್ ಚಿಪ್‌ನ ಎಷ್ಟನೇ ಸಾಲಿನಲ್ಲಿ ಕೂತಿದೆ ಎಂಬುದೂ ಸಂಖ್ಯೆಗಳ ಮೇಲೆ ಪರಿಣಾಮ ಬೀರುತ್ತದೆ, ಆದ್ದರಿಂದ ರೋಗಿಗಳನ್ನೆಲ್ಲ ಮೇಲಿನ ಸಾಲುಗಳಲ್ಲಿ ತುಂಬಬೇಡಿ.

ಕ್ರೋಮೋಸೋಮ್ ಪರೀಕ್ಷೆಗೆ ಅರೇ ಸಿಜಿಎಚ್ (ಸ್ಯಾಂಪಲ್‌ನ ಡಿಎನ್‌ಎಯನ್ನು ಸಾಮಾನ್ಯ ಡಿಎನ್‌ಎ ಜೊತೆ ಹೋಲಿಸುವುದು) ಮತ್ತು ಎಸ್‌ಎನ್‌ಪಿ ಅರೇ ಎಂಬ ಎರಡು ಬಗೆ. ಎರಡೂ ಕ್ರೋಮೋಸೋಮ್ ತುಂಡು ಕಳೆದದ್ದನ್ನು, ಹೆಚ್ಚಾದದ್ದನ್ನು ತೋರಿಸುತ್ತವೆ. ಕರ್ನಾಟಕದಲ್ಲಿ, ಒಟ್ಟಾರೆ ದಕ್ಷಿಣ ಭಾರತದಲ್ಲಿ, ಎಸ್‌ಎನ್‌ಪಿ ಇರುವ ಚಿಪ್ ಆರಿಸುವುದಕ್ಕೆ ಗಟ್ಟಿ ಕಾರಣವಿದೆ. ಸೋದರಮಾವನನ್ನು, ಅತ್ತೆ-ಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ಇಲ್ಲಿದೆ. ಸೋದರಮಾವ-ಸೋದರಸೊಸೆ ದಂಪತಿಯ ಮಗುವಿನ ಜೀನೋಮ್‌ನಲ್ಲಿ ಸರಾಸರಿ ಎಂಟನೇ ಒಂದು ಭಾಗ ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತದೆ, ಅಂದರೆ ಸುಮಾರು 360 ಮೆಗಾಬೇಸ್. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಹದಿನಾರನೇ ಒಂದು ಭಾಗ. ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ರಿಸೆಸಿವ್ ರೋಗದ ಜೀನ್ ಅಡಗಿರಬಹುದಾದ ಜಾಗ ಇದೇ ಪ್ರದೇಶಗಳಲ್ಲಿ. ಎಸ್‌ಎನ್‌ಪಿ ಅರೇ ಇವನ್ನು ನೇರವಾಗಿ ತೋರಿಸುತ್ತದೆ, ಎಸ್‌ಎನ್‌ಪಿ ಇಲ್ಲದ ಅರೇ ಸಿಜಿಎಚ್‌ಗೆ ಅದು ಕಾಣುವುದೇ ಇಲ್ಲ. ತಂದೆತಾಯಿಯ ಹತ್ತಿರದ ರಕ್ತಸಂಬಂಧವೂ ಇದರಲ್ಲಿ ಬಯಲಾಗುವುದರಿಂದ ಒಪ್ಪಿಗೆ ಪತ್ರದಲ್ಲಿ ಅದನ್ನು ಮೊದಲೇ ತಿಳಿಸಿ. ಪ್ರತಿಗಳ ಸಂಖ್ಯೆ ಬದಲಾಗದೆ ಬರೀ ಸ್ಥಳಾಂತರವಾದ ಕ್ರೋಮೋಸೋಮ್ ತುಂಡು ಎರಡರಲ್ಲೂ ಕಾಣದು. ಅದಕ್ಕೆ ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ಯಾರಿಯೋಟೈಪ್ ಮಾಡಿಸಲೇಬೇಕು.

ಜಿನೋಟೈಪಿಂಗ್ ಚಿಪ್ ಕೊಳ್ಳುವವರು ಅದರ ಎಸ್‌ಎನ್‌ಪಿ ಪಟ್ಟಿಯನ್ನು ನೋಡದೆ ಕೊಳ್ಳಬಾರದು. ಯುರೋಪಿನ ಜನರಲ್ಲಿ ಸಾಮಾನ್ಯವಾದವನ್ನೇ ಆಧರಿಸಿ ಪಟ್ಟಿ ತಯಾರಾಗಿದ್ದರೆ ನಮ್ಮಲ್ಲಿ ಮುಖ್ಯವಾದ ವೇರಿಯಂಟ್‌ಗಳು ತಪ್ಪಿಹೋಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ ಇಂಥ ಹೋಲಿಕೆಗೆ ಈಗ ದೊಡ್ಡ ಆಧಾರ.

ಇಲ್ಲಿಂದ ಮುಂದೆ ಒಂದೇ ಉದಾಹರಣೆ ಹಿಡಿದು ಸಾಗೋಣ: ಮನುಷ್ಯರ ರಕ್ತದ ಆರ್‌ಎನ್‌ಎ, ರೋಗಿಗಳು ಮತ್ತು ಆರೋಗ್ಯವಂತರು, ಒಂದೇ ಬಣ್ಣದ (ಸೈ3 ಎಂಬ ಹಸಿರು ಡೈ) 8 ಅರೇ ಸ್ಲೈಡು.

ಎಷ್ಟು ಜನ ಬೇಕು?

"ಮೂರು-ಮೂರು ಸಾಕು" ಎನ್ನುವ ಮಾತು ಲ್ಯಾಬ್‌ಗಳಲ್ಲಿ ಚಾಲ್ತಿಯಲ್ಲಿದೆ. ಒಂದೇ ಸೆಲ್ ಲೈನ್ ಮೇಲೆ ಔಷಧಿ ಹಾಕಿ ನೋಡುವುದಕ್ಕೆ ಅದು ಬಹಳ ಕನಿಷ್ಠದ ಲೆಕ್ಕ, ಮನುಷ್ಯರಿಗಂತೂ ಸಾಲದು. ಸರಳ ಸೂತ್ರ ಹೀಗಿದೆ: ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ = 2 × (3.29 + 1.28)² × ಎಸ್² ÷ ಡಿ². ಇಲ್ಲಿ ಎಸ್ ಎಂದರೆ ಲಾಗ್2 ಪ್ರಮಾಣದಲ್ಲಿ ವ್ಯಕ್ತಿಗಳ ನಡುವಿನ ಸ್ಟ್ಯಾಂಡರ್ಡ್ ಡೀವಿಯೇಶನ್, ಡಿ ಎಂದರೆ ನೀವು ಹಿಡಿಯಬಯಸುವ ವ್ಯತ್ಯಾಸ. 3.29 ಎಂಬುದು ಪಿ ಮೌಲ್ಯ (ಬರೀ ಆಕಸ್ಮಿಕವಾಗಿ ಅಂಥ ವ್ಯತ್ಯಾಸ ಬರುವ ಸಾಧ್ಯತೆ) 0.001ಕ್ಕೆ, 1.28 ಎಂಬುದು ಶೇ. 90 ಪವರ್‌ಗೆ (ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ).

ಎಸ್ 0.5 ಇದ್ದು ಎರಡು ಪಟ್ಟು ವ್ಯತ್ಯಾಸ (ಡಿ = 1) ಹಿಡಿಯಬೇಕಿದ್ದರೆ ಗುಂಪಿಗೆ 11 ಜನ. ಎಸ್ 0.7 ಆದರೆ 21. ಎಸ್ 0.5 ಇದ್ದು ಒಂದೂವರೆ ಪಟ್ಟು ವ್ಯತ್ಯಾಸ ಬೇಕೆಂದರೆ 31. ಪಿ ಮೌಲ್ಯ 0.05 ಇಟ್ಟುಕೊಂಡು ಲೆಕ್ಕ ಹಾಕಬೇಡಿ. 20,000 ಜೀನ್ ಪರೀಕ್ಷಿಸಿದಾಗ ಏನೂ ವ್ಯತ್ಯಾಸವಿಲ್ಲದಿದ್ದರೂ 1,000 ಜೀನ್‌ಗಳು ಆ ಗೆರೆ ದಾಟುತ್ತವೆ.

ಒಬ್ಬನೇ ರೋಗಿಯ ಆರ್‌ಎನ್‌ಎಯನ್ನು ಮೂರು ಸಲ ಓಡಿಸಿ "ಮೂರು ರೆಪ್ಲಿಕೇಟ್" ಎನ್ನುವುದು ಹಣ ದಂಡ. ಅದೇ ಮೂರು ಅರೇಗಳಲ್ಲಿ ಮೂವರು ರೋಗಿಗಳನ್ನು ಕೂರಿಸಿ. ಎಂಟೆಂಟು ಜನರ ಆರ್‌ಎನ್‌ಎ ಬೆರೆಸಿ ಒಂದೇ ಅರೇಗೆ ಹಾಕುವ ಉಳಿತಾಯವೂ ಬೇಡ. ವ್ಯಕ್ತಿಗಳ ನಡುವಿನ ಏರುಪೇರಿನ ಮಾಹಿತಿ ಒಮ್ಮೆ ಬೆರೆತರೆ ಮತ್ತೆ ಬೇರೆ ಮಾಡಲು ಬರುವುದಿಲ್ಲ.

ಸ್ಲೈಡ್ ಹಂಚಿಕೆ: ಇಲ್ಲಿ ಕೆಟ್ಟರೆ ರಿಪೇರಿ ಇಲ್ಲ

12 ರೋಗಿಗಳು, 12 ಆರೋಗ್ಯವಂತರು, 3 ಸ್ಲೈಡು ಎಂದುಕೊಳ್ಳಿ. ಕೈಗೆ ಸುಲಭವಾಗಿ ಬರುವ ಹಂಚಿಕೆ ಅತ್ಯಂತ ಅಪಾಯದ್ದು: ಮೊದಲ ಒಂದೂವರೆ ಸ್ಲೈಡಿಗೆ ರೋಗಿಗಳು, ಉಳಿದದ್ದಕ್ಕೆ ಆರೋಗ್ಯವಂತರು. ಸ್ಲೈಡಿನಿಂದ ಸ್ಲೈಡಿಗೆ, ದಿನದಿಂದ ದಿನಕ್ಕೆ, ಕೈಯಿಂದ ಕೈಗೆ ವ್ಯತ್ಯಾಸ ಬಂದೇ ಬರುತ್ತದೆ. ಆ ವ್ಯತ್ಯಾಸ ರೋಗದ ಗೆರೆಯಲ್ಲೇ ಕೂತುಬಿಟ್ಟರೆ ಯಾವ ಸಾಫ್ಟ್‌ವೇರ್ ಅದನ್ನು ಬೇರ್ಪಡಿಸಲಾರದು. ಕಾಂಬ್ಯಾಟ್‌ನಂಥ, ಬ್ಯಾಚ್ (ಒಟ್ಟಿಗೆ ಓಡಿಸಿದ ಗುಂಪು) ವ್ಯತ್ಯಾಸ ತಿದ್ದುವ ವಿಧಾನಗಳೂ ಇಲ್ಲಿ ಕೈಚೆಲ್ಲುತ್ತವೆ. ಬ್ಯಾಚ್ ತೆಗೆದರೆ ರೋಗದ ಸಂಕೇತವೂ ಹೋಗುತ್ತದೆ, ಬಿಟ್ಟರೆ ಎರಡೂ ಉಳಿಯುತ್ತವೆ.

ಪ್ರತಿ ಸ್ಲೈಡಿಗೆ 4 ರೋಗಿ, 4 ಆರೋಗ್ಯವಂತರು ಬರುವಂತೆ ಹಂಚಿ. ಸ್ಲೈಡಿನೊಳಗೆ ಜಾಗವನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್‌ನಿಂದ ಹಂಚಿಸಿ. ಗಂಡು-ಹೆಣ್ಣು, ವಯಸ್ಸು ಎರಡೂ ಗುಂಪಿನಲ್ಲಿ ಸರಿಸಮ ಇರಲಿ. ಇದೇ ನಿಯಮ ಆರ್‌ಎನ್‌ಎ ತೆಗೆಯುವ ದಿನಕ್ಕೂ ಲೇಬಲಿಂಗ್ ದಿನಕ್ಕೂ ಅನ್ವಯ. ಇದನ್ನು ಬಹಳ ಲ್ಯಾಬ್‌ಗಳು ಮರೆಯುತ್ತವೆ: ಸ್ಲೈಡು ಚೆನ್ನಾಗಿ ಹಂಚಿರುತ್ತಾರೆ, ಆದರೆ ರೋಗಿಗಳ ಆರ್‌ಎನ್‌ಎಯನ್ನು ಮಾರ್ಚ್‌ನಲ್ಲಿ, ಆರೋಗ್ಯವಂತರದ್ದನ್ನು ಜುಲೈನಲ್ಲಿ ಬೇರೆ ಲಾಟ್ ಕಿಟ್‌ನಿಂದ ತೆಗೆದಿರುತ್ತಾರೆ. ಎಲ್ಲ ಸ್ಯಾಂಪಲ್ ಕೈಸೇರಿದ ಮೇಲೆ ಒಂದೇ ಲಾಟ್‌ನ ಕಿಟ್, ಒಂದೇ ಲಾಟ್‌ನ ಚಿಪ್ ತರಿಸಿ.

ರಕ್ತದಿಂದ ಆರ್‌ಎನ್‌ಎವರೆಗೆ

ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತ ಮೇಜಿನ ಮೇಲೆ ಕೂತಷ್ಟೂ ಬಿಳಿ ರಕ್ತಕಣಗಳು ಬದಲಾಗುತ್ತಲೇ ಇರುತ್ತವೆ. ಫಾಸ್ (FOS), ಜುನ್ (JUN) ಥರದ, ಒತ್ತಡಕ್ಕೆ ಸ್ಪಂದಿಸುವ ಜೀನ್‌ಗಳು ಬೇಗನೆ ಏರುತ್ತವೆ. ವಾರ್ಡಿನಿಂದ ರೋಗಿಯ ರಕ್ತ ನಾಲ್ಕು ಗಂಟೆ ತಡವಾಗಿ ಬಂದು, ಸಿಬ್ಬಂದಿಯಿಂದ ತೆಗೆದ ಆರೋಗ್ಯವಂತರ ರಕ್ತ ಹತ್ತು ನಿಮಿಷದಲ್ಲಿ ಬಂದರೆ, ಪಟ್ಟಿಯಲ್ಲಿ ಮೇಲೆ ನಿಲ್ಲುವುದು ಈ ತಡದ ಜೀನ್‌ಗಳು. ಆದ್ದರಿಂದ ಪ್ಯಾಕ್ಸ್‌ಜೀನ್ ಥರದ, ಆರ್‌ಎನ್‌ಎಯನ್ನು ತಕ್ಷಣ ಸ್ಥಿರಗೊಳಿಸುವ ಟ್ಯೂಬ್ ಬಳಸಿ. 2.5 ಮಿಲಿಲೀಟರ್ ರಕ್ತ ತುಂಬಿ, ನಿಧಾನವಾಗಿ 8–10 ಸಲ ತಲೆಕೆಳಗು ಮಾಡಿ. ಕೋಣೆಯ ಉಷ್ಣಾಂಶದಲ್ಲಿ ಕನಿಷ್ಠ 2 ಗಂಟೆ ಬಿಟ್ಟೇ ಮುಂದಿನ ಕೆಲಸ. ರಕ್ತ ಕಡಿಮೆ ತುಂಬಿದರೆ ದ್ರಾವಣದ ಅನುಪಾತ ಕೆಡುತ್ತದೆ. ಅಂಗಾಂಶವಾದರೆ ಅರ್ಧ ಸೆಂಟಿಮೀಟರ್‌ಗಿಂತ ತೆಳುವಾಗಿ ಕತ್ತರಿಸಿ ಐದು ಪಟ್ಟು ಆರ್‌ಎನ್‌ಎ ಲೇಟರ್ ದ್ರಾವಣದಲ್ಲಿ ಮುಳುಗಿಸಿ. ದಪ್ಪ ತುಂಡಿನ ನಡುಭಾಗಕ್ಕೆ ದ್ರಾವಣ ಇಳಿಯುವಷ್ಟರಲ್ಲಿ ಅಲ್ಲಿನ ಆರ್‌ಎನ್‌ಎ ಹೋಗಿರುತ್ತದೆ.

ಅದೇ ದಿನ ರಕ್ತಕಣಗಳ ಎಣಿಕೆಯನ್ನೂ ಮಾಡಿಸಿ ದಾಖಲಿಸಿ. ಜ್ವರವಿದ್ದವರಲ್ಲಿ ನ್ಯೂಟ್ರೋಫಿಲ್ ಹೆಚ್ಚು. "ರೋಗದಲ್ಲಿ ಏರಿದ ಜೀನ್" ಎಂದು ಕಾಣುವುದರಲ್ಲಿ ಬಹುಪಾಲು ಬರೀ ನ್ಯೂಟ್ರೋಫಿಲ್ ಹೆಚ್ಚಿದ್ದರ ನೆರಳಾಗಿರಬಹುದು. ಇಡೀ ರಕ್ತದ ಎಂಆರ್‌ಎನ್‌ಎಯಲ್ಲಿ ದೊಡ್ಡ ಪಾಲು ಗ್ಲೋಬಿನ್‌ನದೇ, ಅದು ಕಡಿಮೆ ಮಟ್ಟದ ಜೀನ್‌ಗಳನ್ನು ಮುಚ್ಚುತ್ತದೆ. ಗ್ಲೋಬಿನ್ ತೆಗೆಯುವ ಕಿಟ್ ಬಳಸುವುದಾದರೆ ಎಲ್ಲ ಸ್ಯಾಂಪಲ್‌ಗೂ ಬಳಸಿ, ಬಿಡುವುದಾದರೆ ಎಲ್ಲಕ್ಕೂ ಬಿಡಿ.

ಆರ್‌ಎನ್‌ಎ ಗುಣಮಟ್ಟಕ್ಕೆ ಮೂರು ಸಂಖ್ಯೆ ನೋಡಿ. ಬೆಳಕು ಹೀರುವಿಕೆಯ 260/280 (ನ್ಯಾನೋಮೀಟರ್) ಅನುಪಾತ 2.0 ಆಸುಪಾಸು ಇರಬೇಕು. 260/230 ಅನುಪಾತ 1.8ಕ್ಕಿಂತ ಕೆಳಗಿಳಿದರೆ ಗ್ವಾನಿಡಿನ್ ಉಪ್ಪು ಉಳಿದಿದೆ ಎಂದರ್ಥ. ಗ್ರಾಫಿನ ಶಿಖರ 260 ಬಿಟ್ಟು 270ರ ಕಡೆಗೆ ಸರಿದಿದ್ದರೆ ಫಿನಾಲ್ ಬಂದಿದೆ. ಉಪ್ಪಿಗೆ ಶೇ. 75 ಎಥನಾಲ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ, ಫಿನಾಲ್‌ಗೆ ಕಾಲಮ್ ಮೂಲಕ ಶುದ್ಧೀಕರಿಸಿ. ಇವೆರಡೂ ಮುಂದಿನ ಎಂಜೈಮ್‌ಗಳನ್ನು ಕೊಲ್ಲುತ್ತವೆ. ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ಹೇಳುವ, ಬಯೋಅನಲೈಸರ್ ಯಂತ್ರದ ರಿನ್ ಅಂಕ 10ಕ್ಕೆ ಕನಿಷ್ಠ 7 ಇರಲಿ. ಅದಕ್ಕಿಂತ ಮುಖ್ಯವಾದದ್ದು, ಎರಡೂ ಗುಂಪಿನ ರಿನ್ ಸರಾಸರಿ ಒಂದೇ ಇರಬೇಕು. ರೋಗಿಗಳದ್ದು 7.2, ಆರೋಗ್ಯವಂತರದ್ದು 9.1 ಎಂದಾದರೆ ಪ್ರತಿ ಸ್ಯಾಂಪಲ್ ಗೆರೆ ದಾಟಿದ್ದರೂ ನೀವು ಅಳೆಯುವುದು ಆರ್‌ಎನ್‌ಎ ಕೊಳೆತ ಪ್ರಮಾಣವನ್ನು.

ಲೇಬಲಿಂಗ್, ಹಂತ ಹಂತವಾಗಿ

ಇಲ್ಲಿ ಕೊಡುವ ಅಳತೆಗಳು ಆಜಿಲೆಂಟ್‌ನ ಲೋ ಇನ್‌ಪುಟ್ ಕ್ವಿಕ್ ಆಂಪ್ ವಿಧಾನದವು. ನಿಮ್ಮ ಕಿಟ್ ಜೊತೆ ಬಂದ ಕೈಪಿಡಿಯ ಆವೃತ್ತಿಯನ್ನು ಒಮ್ಮೆ ತಾಳೆ ನೋಡಿಕೊಳ್ಳಿ.

1. 10ರಿಂದ 200 ನ್ಯಾನೋಗ್ರಾಂ ಒಟ್ಟು ಆರ್‌ಎನ್‌ಎ ತೆಗೆದುಕೊಳ್ಳಿ. ಎಲ್ಲ ಸ್ಯಾಂಪಲ್‌ಗೂ ಒಂದೇ ಪ್ರಮಾಣ. ಸ್ಪೈಕ್-ಇನ್ ಕಂಟ್ರೋಲನ್ನು (ಪ್ರಮಾಣ ಗೊತ್ತಿರುವ ಹೊರಗಿನ ಆರ್‌ಎನ್‌ಎ) ಆ ಪ್ರಮಾಣಕ್ಕೆ ತಕ್ಕಂತೆ ತೆಳುಮಾಡಿ ಸೇರಿಸಿ. ಸ್ಪೈಕ್-ಇನ್ ಇಲ್ಲದೆ ಓಡಿಸಿದರೆ ನಾಳೆ ತಪ್ಪು ಆರ್‌ಎನ್‌ಎಯದ್ದೋ ಲೇಬಲಿಂಗ್‌ನದ್ದೋ ಹೇಳಲು ಆಗುವುದಿಲ್ಲ.

2. ಟಿ7 ಪ್ರೈಮರ್ ಸೇರಿಸಿ 65 ಡಿಗ್ರಿಯಲ್ಲಿ 10 ನಿಮಿಷ, ನಂತರ ಐಸ್ ಮೇಲೆ 5 ನಿಮಿಷ.

3. ಫಸ್ಟ್ ಸ್ಟ್ರ್ಯಾಂಡ್ ಬಫರನ್ನು 80 ಡಿಗ್ರಿಯಲ್ಲಿ 3–4 ನಿಮಿಷ ಬೆಚ್ಚಗೆ ಮಾಡಿ, ಅಲ್ಲಾಡಿಸಿ, ತಳದ ಬಿಳಿ ಗಸಿ ಪೂರ್ತಿ ಕರಗಿದ ಮೇಲಷ್ಟೇ ಬಳಸಿ. ಇಳುವರಿ ಕಡಿಮೆ ಬರುವುದಕ್ಕೆ ಈ ಒಂದು ಹೆಜ್ಜೆ ಬಿಟ್ಟದ್ದೇ ಎಷ್ಟೋ ಸಲ ಕಾರಣ. ಸಿಡಿಎನ್‌ಎ ತಯಾರಿಕೆ 40 ಡಿಗ್ರಿಯಲ್ಲಿ 2 ಗಂಟೆ, ಎಂಜೈಮ್ ನಿಲ್ಲಿಸಲು 70 ಡಿಗ್ರಿಯಲ್ಲಿ 15 ನಿಮಿಷ.

4. ಸೈ3-ಸಿಟಿಪಿ ಇರುವ ಟ್ರಾನ್ಸ್‌ಕ್ರಿಪ್ಶನ್ ಮಿಶ್ರಣ ಸೇರಿಸಿ 40 ಡಿಗ್ರಿಯಲ್ಲಿ 2 ಗಂಟೆ. ಬಣ್ಣದ ಟ್ಯೂಬ್ ಬೆಳಕಿಗೆ ಒಡ್ಡಬೇಡಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ. ನಂತರ ಕಾಲಮ್‌ನಲ್ಲಿ ಶುದ್ಧೀಕರಿಸಿ 30 ಮೈಕ್ರೋಲೀಟರ್‌ನಲ್ಲಿ ಇಳಿಸಿಕೊಳ್ಳಿ.

ಈಗ ನ್ಯಾನೋಡ್ರಾಪ್‌ನಲ್ಲಿ ಅಳೆಯಿರಿ. ಸಿಆರ್‌ಎನ್‌ಎ (ಬಣ್ಣ ಹತ್ತಿದ ಆರ್‌ಎನ್‌ಎ ಪ್ರತಿ) ಮೈಕ್ರೋಲೀಟರ್‌ಗೆ 180 ನ್ಯಾನೋಗ್ರಾಂ, ಸೈ3 ಮೈಕ್ರೋಲೀಟರ್‌ಗೆ 2.1 ಪೈಕೋಮೋಲ್ ಬಂತು ಎನ್ನಿ. ಒಟ್ಟು ಇಳುವರಿ 180 × 30 = 5,400 ನ್ಯಾನೋಗ್ರಾಂ. ಬಣ್ಣದ ಸಾಂದ್ರತೆ 2.1 ÷ 180 × 1000 = ಮೈಕ್ರೋಗ್ರಾಂಗೆ 11.7 ಪೈಕೋಮೋಲ್. ಇದು 6ಕ್ಕಿಂತ ಕೆಳಗಿದ್ದರೆ ಆ ಸ್ಯಾಂಪಲನ್ನು ಚಿಪ್‌ಗೆ ಹಾಕಬೇಡಿ, ಲೇಬಲಿಂಗ್ ಮತ್ತೆ ಮಾಡಿ. ಇಳುವರಿ ಚೆನ್ನಾಗಿದ್ದು ಬಣ್ಣ ಕಡಿಮೆಯಿದ್ದರೆ ಡೈ ಹಳತು. ಬಣ್ಣ ಸರಿಯಿದ್ದು ಇಳುವರಿ ಕಡಿಮೆಯಿದ್ದರೆ ಆರ್‌ಎನ್‌ಎಯಲ್ಲಿ ಫಿನಾಲ್, ಉಪ್ಪು ಇಲ್ಲವೇ ಕರಗದ ಬಫರ್ ಹುಡುಕಿ. ಚಿಪ್‌ನ ಬೆಲೆಯ ಮುಂದೆ ಒಂದು ಮರು ಲೇಬಲಿಂಗ್ ಏನೂ ಅಲ್ಲ.

ಹೈಬ್ರಿಡೈಸೇಶನ್ (ಪ್ರೋಬ್ ಜೊತೆ ಜೋಡಿಯಾಗಿಸುವುದು) ಮತ್ತು ತೊಳೆಯುವುದು

600 ನ್ಯಾನೋಗ್ರಾಂ ಲೇಬಲ್ ಆದ ಸಿಆರ್‌ಎನ್‌ಎಗೆ 5 ಮೈಕ್ರೋಲೀಟರ್ ಬ್ಲಾಕಿಂಗ್ ಏಜೆಂಟ್, 1 ಮೈಕ್ರೋಲೀಟರ್ ಫ್ರ್ಯಾಗ್ಮೆಂಟೇಶನ್ ಬಫರ್ ಸೇರಿಸಿ ನೀರಿನಿಂದ 25 ಮೈಕ್ರೋಲೀಟರ್ ಮಾಡಿ. 60 ಡಿಗ್ರಿಯಲ್ಲಿ ಗಡಿಯಾರ ನೋಡಿಕೊಂಡು ಸರಿಯಾಗಿ 30 ನಿಮಿಷ. ಹೆಚ್ಚಾದರೆ ತುಂಡುಗಳು ಅತಿ ಚಿಕ್ಕದಾಗಿ ಸಂಕೇತ ಇಳಿಯುತ್ತದೆ. ಕಡಿಮೆಯಾದರೆ ಉದ್ದ ಎಳೆಗಳು ಮಡಚಿಕೊಂಡು ಪ್ರೋಬ್‌ಗೆ ಸಿಗವು. ಐಸ್ ಮೇಲೆ ಒಂದು ನಿಮಿಷ ಇಟ್ಟು 25 ಮೈಕ್ರೋಲೀಟರ್ ಹೈಬ್ರಿಡೈಸೇಶನ್ ಬಫರ್ ಸೇರಿಸಿ. ಈ ಬಫರ್ ನೊರೆ ಬರುವಂಥದ್ದು, ಆದ್ದರಿಂದ ವೋರ್ಟೆಕ್ಸ್ ಮಾಡದೆ ಪಿಪೆಟ್‌ನಿಂದಲೇ ಬೆರೆಸಿ.

ಗ್ಯಾಸ್ಕೆಟ್ ಸ್ಲೈಡಿನ ಪ್ರತಿ ಬಾವಿಗೆ 40 ಮೈಕ್ರೋಲೀಟರ್ ಹಾಕಿ. 50 ತಯಾರಿಸಿ 40 ಹಾಕುವುದು ಉದ್ದೇಶಪೂರ್ವಕ. ಉಳಿದ ಜಾಗದ ಗಾಳಿಗುಳ್ಳೆ ಸುತ್ತುತ್ತಾ ದ್ರವವನ್ನು ಕಲಕುತ್ತದೆ. ಚಿಪ್‌ನ ಅರೇ ಇರುವ ಮೈ ಕೆಳಮುಖವಾಗಿ ಇಟ್ಟು ಚೇಂಬರ್ ಬಿಗಿಮಾಡಿದ ಮೇಲೆ ಅದನ್ನು ನೆಟ್ಟಗೆ ಹಿಡಿದು ತಿರುಗಿಸಿ ನೋಡಿ: ಪ್ರತಿ ಬಾವಿಯ ಗುಳ್ಳೆಯೂ ಓಡಾಡಬೇಕು. ಒಂದು ಕಡೆ ಅಂಟಿದ್ದರೆ ಮೇಜಿನ ಅಂಚಿಗೆ ಮೆಲ್ಲನೆ ತಟ್ಟಿ ಬಿಡಿಸಿ. ಅಂಟಿದ ಗುಳ್ಳೆಯ ಕೆಳಗಿನ ಪ್ರೋಬ್‌ಗಳು ಒಣಗಿ ಮರುದಿನ ಚಿತ್ರದಲ್ಲಿ ಕಪ್ಪು ದುಂಡು ಕಲೆಯಾಗಿ ಕಾಣುತ್ತವೆ. 65 ಡಿಗ್ರಿ, ನಿಮಿಷಕ್ಕೆ 10 ಸುತ್ತು, 17 ಗಂಟೆ. ಓವನ್‌ಗೆ ಯುಪಿಎಸ್ ಇರಲೇಬೇಕು. ರಾತ್ರಿ ಕರೆಂಟ್ ಹೋಗಿ ಉಷ್ಣಾಂಶ ಇಳಿದರೆ ಹೊಂದದ ಎಳೆಗಳೂ ಪ್ರೋಬ್‌ಗೆ ಅಂಟುತ್ತವೆ, ಸುತ್ತುವುದು ನಿಂತರೆ ಗುಳ್ಳೆಯೂ ನಿಲ್ಲುತ್ತದೆ. ಬೆಳಿಗ್ಗೆ ಎಲ್ಲ ಸರಿಯಿದ್ದಂತೆ ತೋರುವುದರಿಂದ ಓವನ್ ಒಳಗೆ ಉಷ್ಣಾಂಶ ದಾಖಲಿಸುವ ಲಾಗರ್ ಇಡಿ.

ಮರುದಿನ ಚೇಂಬರ್ ಬಿಚ್ಚುವ ಕೆಲಸ ವಾಶ್ ಬಫರ್ 1ರೊಳಗೆ ಮುಳುಗಿಸಿಕೊಂಡೇ ನಡೆಯಲಿ, ಸ್ಲೈಡಿಗೆ ಗಾಳಿ ತಾಕಬಾರದು. ವಾಶ್ ಬಫರ್ 1ರಲ್ಲಿ ಕೋಣೆಯ ಉಷ್ಣಾಂಶದಲ್ಲಿ 1 ನಿಮಿಷ, ಹಿಂದಿನ ರಾತ್ರಿಯೇ 37 ಡಿಗ್ರಿಗೆ ಬಿಸಿ ಮಾಡಿಟ್ಟ ವಾಶ್ ಬಫರ್ 2ರಲ್ಲಿ 1 ನಿಮಿಷ. ಕೊನೆಗೆ ಸ್ಲೈಡನ್ನು 5–10 ಸೆಕೆಂಡ್ ತೆಗೆದುಕೊಂಡು ಬಹಳ ನಿಧಾನವಾಗಿ ಮೇಲೆತ್ತಿ. ಸರಕ್ಕನೆ ಎಳೆದರೆ ಹನಿ ಉಳಿದು, ಒಣಗಿದ ಜಾಗ ಸ್ಕ್ಯಾನ್‌ನಲ್ಲಿ ಹೊಳೆಯುವ ಗೆರೆಯಾಗುತ್ತದೆ. ಪಾತ್ರೆ, ರ‍್ಯಾಕ್ ತೊಳೆಯಲು ಸೋಪು ಬಳಸಬೇಡಿ. ಸೋಪಿನ ಅಂಶ ಸ್ಲೈಡ್ ಮೇಲೆ ಮಿನುಗುತ್ತದೆ.

ಎರಡು ಬಣ್ಣ ಬಳಸುವವರಿಗೆ ಒಂದು ಎಚ್ಚರಿಕೆ: ಕೆಂಪು ಡೈ ಆದ ಸೈ5 ಓಝೋನ್‌ಗೆ ಬಹಳ ಬೇಗ ಸೋಲುತ್ತದೆ. ಗಾಳಿಯಲ್ಲಿ ಶತಕೋಟಿಗೆ 5–10 ಭಾಗ ಓಝೋನ್ ಇದ್ದರೂ ಸಾಕು, ಒಣಗಿದ ಸ್ಲೈಡಿನ ಕೆಂಪು ಕುಂದುತ್ತದೆ. ಬಿಸಿಲಿನಲ್ಲಿ ವಾಹನಗಳ ಹೊಗೆಯಿಂದ ಓಝೋನ್ ಹುಟ್ಟುವುದರಿಂದ ನಗರಗಳಲ್ಲಿ ಮಧ್ಯಾಹ್ನ ಅದು ಹೆಚ್ಚು. ಬೆಳಿಗ್ಗೆಯೇ ತೊಳೆದು ಸ್ಕ್ಯಾನ್ ಮುಗಿಸಿ, ಸ್ಕ್ಯಾನರ್ ಕೋಣೆಗೆ ಕಾರ್ಬನ್ ಫಿಲ್ಟರ್ ಹಾಕಿಸಿ. ಎಲ್ಲ ಜೀನ್‌ಗಳೂ ಹಸಿರಿನ ಕಡೆ ವಾಲಿದ ಚಿತ್ರ ಬಂದರೆ ಮೊದಲ ಗುಮಾನಿ ಇದರ ಮೇಲಿರಲಿ.

ಸ್ಕ್ಯಾನ್ ನಂತರ ಏನು ನೋಡಬೇಕು?

8 × 60,000 ಸ್ಲೈಡನ್ನು 3 ಮೈಕ್ರಾನ್ ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿ. ಸಂಖ್ಯೆಗಳಿಗೆ ಧಾವಿಸುವ ಮೊದಲು ಚಿತ್ರವನ್ನು ಕಣ್ಣಾರೆ ನೋಡಿ. ಮೂಲೆಗಳ ಚುಕ್ಕೆಗಳ ಮೇಲೆ ಗ್ರಿಡ್ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ. ಗ್ರಿಡ್ ಒಂದು ಸಾಲು ಜರುಗಿದರೆ ಎಲ್ಲ ಜೀನ್‌ಗಳ ಹೆಸರೂ ತಪ್ಪುತ್ತವೆ. ಸ್ಪೈಕ್-ಇನ್ ಗೆರೆಯ ಇಳಿಜಾರು 0.9 ಮತ್ತು 1.2ರ ನಡುವೆ ಇರಬೇಕು, ಚಿಪ್‌ನಲ್ಲಿ ಪುನರಾವರ್ತಿಸಿದ ಪ್ರೋಬ್‌ಗಳ ನಡುವಿನ ವ್ಯತ್ಯಾಸ ಶೇ. 8ರೊಳಗೆ ಇರಬೇಕು.

ಗುರುತು ತಪ್ಪಿದೆಯೇ ಎಂದು ನೋಡಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಎಕ್ಸ್‌ಐಎಸ್‌ಟಿ ಜೀನ್ ಹೆಂಗಸರಲ್ಲಿ ಹೆಚ್ಚು. ಆರ್‌ಪಿಎಸ್4ವೈ1 ಮತ್ತು ಡಿಡಿಎಕ್ಸ್3ವೈ ಗಂಡಸರಲ್ಲಿ ಮಾತ್ರ. ಇವನ್ನು ಒಂದು ಗ್ರಾಫಿನಲ್ಲಿ ಹಾಕಿ ದಾಖಲೆಯ ಲಿಂಗದ ಜೊತೆ ತಾಳೆ ನೋಡಿ. ಒಬ್ಬರದ್ದು ತಾಳೆಯಾಗದಿದ್ದರೆ ಅದಲುಬದಲು ಆದದ್ದು ಕನಿಷ್ಠ ಎರಡು ಸ್ಯಾಂಪಲ್ ಎಂದು ತಿಳಿದು ಇಡೀ ಸಾಲನ್ನೇ ಪರೀಕ್ಷಿಸಿ.

ವಿಶ್ಲೇಷಣೆ

ಆರ್ ಭಾಷೆಯ ಲಿಮ್ಮಾ ಪ್ಯಾಕೇಜ್ ಸಾಕು. ಹಿನ್ನೆಲೆ ಕಳೆಯಲು ನಾರ್ಮೆಕ್ಸ್ಪ್, ಅರೇಗಳನ್ನು ಸಮಕ್ಕೆ ತರಲು ಕ್ವಾಂಟೈಲ್ ವಿಧಾನ. ನಂತರ ನೆಗೆಟಿವ್ ಕಂಟ್ರೋಲ್‌ಗಳ 95ನೇ ಪರ್ಸೆಂಟೈಲ್‌ಗಿಂತ ಕನಿಷ್ಠ ಶೇ. 10 ಹೆಚ್ಚು ಹೊಳೆಯದ ಪ್ರೋಬ್‌ಗಳನ್ನು ಬಿಡಿ. ಚಿಕ್ಕ ಗುಂಪಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಅರೇಗಳಲ್ಲಾದರೂ ಈ ಮಟ್ಟ ದಾಟಿದ್ದರೆ ಪ್ರೋಬ್ ಉಳಿಯಲಿ. ಈ ಸೋಸುವಿಕೆಯಲ್ಲಿ ರೋಗಿ ಯಾರು, ಆರೋಗ್ಯವಂತ ಯಾರು ಎಂಬ ಮಾಹಿತಿ ಬಳಸಬಾರದು.

ಕ್ವಾಂಟೈಲ್ ವಿಧಾನ ಎಲ್ಲ ಸ್ಯಾಂಪಲ್‌ಗಳ ಒಟ್ಟು ಹಂಚಿಕೆ ಒಂದೇ ಎಂದು ಭಾವಿಸುತ್ತದೆ. 200 ಜೀನ್‌ಗಳ ಚಿಕ್ಕ ವಿಶೇಷ ಚಿಪ್‌ನಲ್ಲಿ ಅಥವಾ ಮಿಕ್ ಜೀನ್ ಅತಿಯಾಗಿ ಒಟ್ಟಾರೆ ಟ್ರಾನ್ಸ್‌ಕ್ರಿಪ್ಶನ್ನೇ ಏರಿದ ಕ್ಯಾನ್ಸರ್ ಕೋಶಗಳಲ್ಲಿ ಈ ಭಾವನೆ ಸುಳ್ಳು. ಅಲ್ಲಿ ಜೀವಕೋಶಗಳ ಸಂಖ್ಯೆಗೆ ತಕ್ಕಂತೆ ಸ್ಪೈಕ್-ಇನ್ ಸೇರಿಸಿ, ಅದರಿಂದಲೇ ಸರಿಹೊಂದಿಸಿ.

ಸ್ಲೈಡ್, ಲಿಂಗ, ನ್ಯೂಟ್ರೋಫಿಲ್ ಶೇಕಡಾವಾರನ್ನು ಮಾಡೆಲ್‌ನಲ್ಲೇ ಅಂಶಗಳಾಗಿ ಸೇರಿಸಿ. ಬ್ಯಾಚ್ ತಿದ್ದಿದ ಡೇಟಾವನ್ನು ಚಿತ್ರ ಬಿಡಿಸಲು ಬಳಸಿ, ಪಿ ಮೌಲ್ಯ ಲೆಕ್ಕ ಹಾಕಲು ಬೇಡ. ಮೊದಲೇ ತಿದ್ದಿದ ಡೇಟಾ ಕೊಟ್ಟರೆ ಪರೀಕ್ಷೆಗೆ ಅನಿಶ್ಚಿತತೆ ಕಾಣದೆ ಇಲ್ಲದ ಧೈರ್ಯ ಬರುತ್ತದೆ. ಸಾವಿರಾರು ಜೀನ್ ಒಟ್ಟಿಗೆ ಪರೀಕ್ಷಿಸುವಾಗ ಬರುವ ಸುಳ್ಳು ಫಲಿತಾಂಶಗಳಿಗೆ ಬೆಂಜಮಿನಿ-ಹೋಕ್‌ಬರ್ಗ್ ತಿದ್ದುಪಡಿ ಕಡ್ಡಾಯ.

ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಅದು ತಾರೀಖು ಮಾಡಿಬಿಡುತ್ತಿತ್ತು. 2020ರಲ್ಲಿ ಆ ಜೀನ್‌ಗಳ ಅಧಿಕೃತ ಸಂಕ್ಷಿಪ್ತ ಹೆಸರನ್ನೇ ಬದಲಿಸಬೇಕಾಯಿತು. ಸಾಲು ಜರುಗುವ ಅಪಾಯ ಇನ್ನೂ ಗಂಭೀರ. ಕೀಮೋಥೆರಪಿಗೆ ಯಾವ ಗಡ್ಡೆ ಮಣಿಯುತ್ತದೆ ಎಂದು ಊಹಿಸುವ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕಟಣೆಗಳನ್ನು ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಮರುಲೆಕ್ಕ ಹಾಕಿದಾಗ ಜೀನ್ ಪಟ್ಟಿಗಳು ಒಂದು ಸಾಲು ಜರುಗಿರುವುದು, ಗುಂಪಿನ ಹೆಸರುಗಳು ತಿರುವುಮುರುವಾಗಿರುವುದು ಕಂಡವು. ಆ ಲೆಕ್ಕ ನಂಬಿ ರೋಗಿಗಳ ಮೇಲೆ ಕ್ಲಿನಿಕಲ್ ಟ್ರಯಲ್‌ಗಳೂ ಶುರುವಾಗಿದ್ದವು. ಹೆಸರು ಮತ್ತು ಸಂಖ್ಯೆಯನ್ನು ಎಂದಿಗೂ ಬೇರೆ ಬೇರೆ ಕಾಲಮ್‌ಗಳಿಂದ ಕೈಯಲ್ಲಿ ನಕಲು ಮಾಡಿ ಅಂಟಿಸಬೇಡಿ, ಪ್ರೋಬ್ ಐಡಿ ಮೂಲಕ ಸ್ಕ್ರಿಪ್ಟ್‌ನಿಂದಲೇ ಜೋಡಿಸಿ.

ನಿಮ್ಮ ಲ್ಯಾಬ್‌ನ ವಿಧಾನವನ್ನು ಉತ್ತಮಪಡಿಸುವ ಪರೀಕ್ಷೆ

ಹೊಸ ಕಿಟ್, ಹೊಸ ಚಿಪ್ ವಿನ್ಯಾಸ ಅಥವಾ ಹೊಸ ಕೈ ಬಂದಾಗ ಈ ಮಿಶ್ರಣ ಪರೀಕ್ಷೆಗಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಮ್ಯಾಕ್ ಅಧ್ಯಯನ ಬಳಸಿದ್ದೂ ಇದನ್ನೇ. ಬೇರೆ ಬೇರೆ ಮೂಲದ ಎರಡು ಆರ್‌ಎನ್‌ಎ ತೆಗೆದುಕೊಳ್ಳಿ, ಮಾರುಕಟ್ಟೆಯಲ್ಲಿ ಸಿಗುವ ಯೂನಿವರ್ಸಲ್ ರೆಫರೆನ್ಸ್ ಮತ್ತು ಮಿದುಳಿನ ಆರ್‌ಎನ್‌ಎ ಆಗಬಹುದು. ಮೊದಲನೆಯದು ಶುದ್ಧವಾಗಿ, ಎರಡನೆಯದು ಶುದ್ಧವಾಗಿ, ಮೂರನೆಯದು 75:25, ನಾಲ್ಕನೆಯದು 25:75. ಒಂದೊಂದನ್ನು ಎರಡು ಸಲ ಓಡಿಸಿದರೆ 8 ಅರೇ, ಒಂದು ಸ್ಲೈಡು.

ಮೊದಲ ಆರ್‌ಎನ್‌ಎಯಲ್ಲಿ ಹೆಚ್ಚಿರುವ ಜೀನ್, ಆ ಆರ್‌ಎನ್‌ಎಯ ಪಾಲು ಶೇ. 100, 75, 25, 0 ಎಂದು ಇಳಿದಂತೆ, ನಾಲ್ಕೂ ಮಿಶ್ರಣಗಳಲ್ಲಿ ಮೆಟ್ಟಿಲಿನಂತೆ ಕ್ರಮವಾಗಿ ಇಳಿಯಲೇಬೇಕು. ಕ್ರಮ ತಪ್ಪುವ ಪ್ರೋಬ್‌ಗಳನ್ನು ಎಣಿಸಿ. ಅವು ಕಡಿಮೆ ಹೊಳಪಿನಲ್ಲಿ ಮಾತ್ರ ಇದ್ದರೆ ಹಿನ್ನೆಲೆಯ ಮಿತಿ ಎಲ್ಲಿದೆ ಎಂದು ಗೊತ್ತಾಯಿತು. ಅತಿ ಹೊಳಪಿನಲ್ಲಿ ಮೆಟ್ಟಿಲು ಚಪ್ಪಟೆಯಾದರೆ ಪ್ರೋಬ್ ತುಂಬಿಹೋಗಿದೆ, ಲೇಬಲ್ ಪ್ರಮಾಣ ಇಳಿಸಿ. ಎಲ್ಲ ಕಡೆ ಚದುರಿದ್ದರೆ ಪಿಪೆಟ್ ಹಿಡಿಯುವ ಕೈ ಅಥವಾ ತೊಳೆಯುವ ಹಂತ ನೋಡಿ. ಸ್ವಂತ ಚಿಪ್ ವಿನ್ಯಾಸ ಮಾಡುವವರು ಪ್ರತಿ ಜೀನ್‌ಗೆ ಮೂರು-ನಾಲ್ಕು ಪ್ರೋಬ್ ಇಟ್ಟು ಈ ಪರೀಕ್ಷೆ ಓಡಿಸಿ, ಮೆಟ್ಟಿಲು ಸರಿಯಾಗಿ ಇಳಿಸಿದ ಪ್ರೋಬನ್ನೇ ಅಂತಿಮ ವಿನ್ಯಾಸಕ್ಕೆ ಉಳಿಸಿಕೊಳ್ಳಿ. ಒಲಿಗೋ-ಡಿಟಿ ಲೇಬಲಿಂಗ್ ಆದರೆ ಪ್ರೋಬ್ ಜೀನ್‌ನ 3' ತುದಿಯಿಂದ 1,000 ಬೇಸ್ ಒಳಗೆ ಇರಲಿ.

ಗಾಜಿನ ಮೇಲೆ ತಾವೇ ಚುಕ್ಕೆ ಇಡುವ ಲ್ಯಾಬ್‌ಗಳಲ್ಲಿ ನಡು ಖಾಲಿ, ಅಂಚು ದಟ್ಟವಾದ ಉಂಗುರದಂಥ ಚುಕ್ಕೆ ಹಳೆಯ ಕಾಟ. ಹನಿ ಅಂಚಿನಿಂದ ಒಣಗುವಾಗ ಡಿಎನ್‌ಎ ಅಲ್ಲಿಗೆ ಒಯ್ಯಲ್ಪಡುವುದೇ ಕಾರಣ. ಕೋಣೆಯ ಆರ್ದ್ರತೆ ಶೇ. 50 ಆಸುಪಾಸು ಇಟ್ಟು, ಚುಕ್ಕೆ ಇಡುವ ದ್ರಾವಣಕ್ಕೆ (3 ಪಟ್ಟು ಎಸ್‌ಎಸ್‌ಸಿ ಎಂಬ ಉಪ್ಪಿನ ಬಫರ್) 1.5 ಮೋಲಾರ್ ಬೀಟೈನ್ ಸೇರಿಸಿದರೆ ಒಣಗುವುದು ನಿಧಾನವಾಗಿ ಚುಕ್ಕೆ ಸಮವಾಗುತ್ತದೆ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಮಳೆಗಾಲದಲ್ಲಿ ತೊಂದರೆ ತಿರುಗುಮುರುಗು: ಹನಿ ಒಣಗದೆ ಹರಡಿ ಪಕ್ಕದ ಚುಕ್ಕೆಗೆ ಸೇರುತ್ತದೆ, ಆದ್ದರಿಂದ ಡೀಹ್ಯುಮಿಡಿಫೈಯರ್ ಬೇಕು. ಪ್ರೋಟೀನ್ ಅರೇಗೆ ನೈಟ್ರೋಸೆಲ್ಯುಲೋಸ್ ಹೊದಿಕೆಯ ಸ್ಲೈಡ್ ಬಳಸುವವರು ಹಸಿರು ಬಣ್ಣ ಬಿಟ್ಟು ಕೆಂಪು ಬಣ್ಣದಲ್ಲಿ ಅಳೆಯಿರಿ, ಆ ಹೊದಿಕೆ ಹಸಿರಿನಲ್ಲಿ ತಾನೇ ಹೊಳೆಯುತ್ತದೆ.

ದೃಢೀಕರಣ ಮತ್ತು ಡೇಟಾ ಜೋಪಾನ

ಅದೇ ಸ್ಯಾಂಪಲ್‌ಗಳ ಮೇಲೆ, ಒಂದೊಂದು ಜೀನನ್ನು ಬೇರೆಯಾಗಿ ಅಳೆಯುವ ಕ್ಯೂಪಿಸಿಆರ್ ಮಾಡಿದರೆ ಚಿಪ್ ಸರಿಯಾಗಿ ಅಳೆದಿದೆ ಎಂದಷ್ಟೇ ಸಾಬೀತು. ರೋಗದ ಬಗ್ಗೆ ಹೇಳಬೇಕಾದರೆ ಹೊಸ ಜನರ ಸ್ಯಾಂಪಲ್ ಬೇಕು. ಪ್ರೈಮರ್ ಮಾಡಿಸುವ ಮೊದಲು ಪ್ರೋಬ್‌ನ ಸೀಕ್ವೆನ್ಸನ್ನು ಇಂದಿನ ಜೀನೋಮ್‌ಗೆ ಹೋಲಿಸಿ. ಹಳೆಯ ಅನೊಟೇಶನ್‌ನಲ್ಲಿ (ಯಾವ ಪ್ರೋಬ್ ಯಾವ ಜೀನ್‌ಗೆ ಎಂಬ ಪಟ್ಟಿಯಲ್ಲಿ) ಒಂದು ಜೀನ್‌ಗೆ ಸೇರಿದ್ದ ಪ್ರೋಬ್ ಈಗ ಇನ್ನೊಂದರಲ್ಲಿ ಕೂರಬಹುದು, ಎರಡು ಕಡೆ ಕೂರಲೂಬಹುದು. ಅದೇ ಟ್ರಾನ್ಸ್‌ಕ್ರಿಪ್ಟ್ ರೂಪಕ್ಕೇ ಪ್ರೈಮರ್ ಇರಲಿ. ಗ್ಯಾಪ್‌ಡಿಎಚ್ ಅಥವಾ ಬೀಟಾ-ಆಕ್ಟಿನ್ ಅನ್ನು ಕಣ್ಣುಮುಚ್ಚಿ ರೆಫರೆನ್ಸ್ ಆಗಿ ಬಳಸುವ ಬದಲು ನಿಮ್ಮ ಅರೇ ಡೇಟಾದಲ್ಲೇ ಎಲ್ಲರಲ್ಲೂ ಅಲುಗಾಡದ ಎರಡು-ಮೂರು ಜೀನ್ ಆರಿಸಿ. ಕ್ಯೂಪಿಸಿಆರ್‌ನಲ್ಲಿ 4 ಪಟ್ಟು ಬಂದದ್ದು ಚಿಪ್‌ನಲ್ಲಿ 2.5 ಪಟ್ಟು ಕಂಡಿದ್ದರೆ ಗಾಬರಿ ಬೇಡ, ಹಿನ್ನೆಲೆಯ ಬೆಳಕಿನಿಂದಾಗಿ ಮೈಕ್ರೋಅರೇ ವ್ಯತ್ಯಾಸವನ್ನು ಸಾಮಾನ್ಯವಾಗಿ ಕುಗ್ಗಿಸಿಯೇ ತೋರಿಸುತ್ತದೆ. ದಿಕ್ಕು ತಿರುಗಿದ್ದರೆ ಮಾತ್ರ ಪ್ರೋಬ್ ಸೀಕ್ವೆನ್ಸ್‌ಗೆ ಮರಳಿ.

ಸ್ಕ್ಯಾನ್ ಚಿತ್ರ, ಸಾಫ್ಟ್‌ವೇರ್ ಕೊಟ್ಟ ಕಚ್ಚಾ ಫೈಲ್, ಸ್ಲೈಡಿನ ಬಾರ್‌ಕೋಡ್, ಅರೇ ಸಂಖ್ಯೆ, ಕಿಟ್ ಲಾಟ್, ಆರ್‌ಎನ್‌ಎ ತೆಗೆದ ದಿನ, ಲೇಬಲ್ ಮಾಡಿದವರು, ರಿನ್, ರಕ್ತಕಣಗಳ ಎಣಿಕೆ ಇವೆಲ್ಲ ಒಂದೇ ಕೋಷ್ಟಕದಲ್ಲಿ ಪ್ರಯೋಗ ನಡೆಯುವಾಗಲೇ ತುಂಬಿ. ಮೈಕ್ರೋಅರೇ ಪ್ರಯೋಗದ ಬಗ್ಗೆ ಕೊಡಲೇಬೇಕಾದ ಕನಿಷ್ಠ ಮಾಹಿತಿಯನ್ನು ಪಟ್ಟಿಮಾಡುವ ಮೈಯಾಮಿ (MIAME) ಮಾನದಂಡ ಕೇಳುವ ವಿವರಗಳಲ್ಲಿ ಹೆಚ್ಚಿನವು ಇಲ್ಲೇ ಸಿಗುತ್ತವೆ. ಜಿಯೋಗೆ ಸಲ್ಲಿಸುವಾಗ ನಾರ್ಮಲೈಸ್ ಮಾಡಿದ ಕೋಷ್ಟಕದ ಜೊತೆ ಕಚ್ಚಾ ಫೈಲ್‌ಗಳನ್ನೂ ಕೊಡಿ. ಜಿನೋಟೈಪ್ ಡೇಟಾ ವ್ಯಕ್ತಿಯನ್ನೇ ಗುರುತಿಸಬಲ್ಲದು. ಅದನ್ನು ಸಾರ್ವಜನಿಕ ಜಾಗದಲ್ಲಿ ಹಾಕದೆ ಎಥಿಕ್ಸ್ ಸಮಿತಿ ಒಪ್ಪಿದ, ಅನುಮತಿ ಪಡೆದವರಿಗಷ್ಟೇ ತೆರೆಯುವ ಭಂಡಾರದಲ್ಲಿ ಇಡಿ.